ಎಲ್ಲವೂ ನಿನ್ನ ಕೈಯಲ್ಲಿದೆ ಎನ್ನುವ ಮಾತು

ಕಳೆದ ಬೇಸಿಗೆಯಲ್ಲಿ ರಾಮನಗರಕ್ಕೆ ಹೋಗಿದ್ದಾಗ ಅಣ್ಣ ಅಟ್ಟದಿಂದ ಒಂದು ಪುಸ್ತಕ ಇಳಿಸಿ ತಂದು ನನ್ನ ಮುಂದಿಟ್ಟ. ರಟ್ಟು ಕಿತ್ತುಹೋಗಿತ್ತು. ಅಂಚುಗಳನ್ನು ಗೆದ್ದಲು ತಿಂದಿತ್ತು. ಇಪ್ಪತ್ತು ವರ್ಷಗಳಿಗೂ ಹಿಂದೆ ನಾನೇ ಬೆಂಗಳೂರಿನ ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ಕೊಂಡು ಅವನಿಗೆ ಕೊಟ್ಟಿದ್ದ ಪುಸ್ತಕವದು. ನೆಪೋಲಿಯನ್ ಹಿಲ್ ಬರೆದ ‘ಥಿಂಕ್ ಅಂಡ್ ಗ್ರೋ ರಿಚ್’.

“ಮಗ ಪಿಯುಸಿಯಲ್ಲಿ ಒಂದು ಸಬ್ಜೆಕ್ಟ್ ಹೋಗಿ ಮಂಕಾಗಿ ಕೂತಿದ್ದಾನೆ. ಇದನ್ನು ಅವನಿಗೆ ಕೊಡಬಹುದಾ? ನೀನು ಓದಿದವನು, ಹೇಳು” ಎಂದ.

ಅವನ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ಆದರೂ ನಾನು ತಲೆ ತಗ್ಗಿಸಿದೆ. ಆ ಪುಸ್ತಕದ ಜೊತೆಗೆ ಅಂದು ನಾನು ಆಡಿದ್ದ ಮಾತೊಂದು ನನಗೆ ನೆನಪಿತ್ತು. ಅವನೂ ಮರೆತಿಲ್ಲ ಎಂಬುದು ಗೊತ್ತಿತ್ತು.

ಆಗ ಅಣ್ಣನದು ರೇಷ್ಮೆ ನೂಲು ಬಿಚ್ಚುವ ಸಣ್ಣ ಘಟಕ. ನಮ್ಮೂರಿನ ಎಷ್ಟೋ ಮುಸ್ಲಿಂ ಮನೆಗಳ ಹಾಗೆ ನಮ್ಮದೂ ರೀಲರ್‌ಗಳ ಮನೆ. ಈ ವ್ಯವಹಾರ ಹೊರಗಿನವರಿಗೆ ತಿಳಿಯುವುದು ಕಡಿಮೆ. ಬೆಳಿಗ್ಗೆ ಮಾರುಕಟ್ಟೆಯ ಹರಾಜಿನಲ್ಲಿ ಗೂಡು ಕೂಗಿಕೊಂಡು ರೈತನಿಗೆ ಹಣ ಕಟ್ಟಬೇಕು. ಗೂಡನ್ನು ಬೇಯಿಸಿ, ಎಳೆ ತೆಗೆದು, ನೂಲನ್ನು ಒಣಗಿಸಿ ಮಾರುವ ಹೊತ್ತಿಗೆ ಕೆಲವು ದಿನಗಳಾದರೂ ಆಗುತ್ತವೆ. ಗೂಡಿನ ಬೆಲೆ ಇಂದಿನದು, ನೂಲಿನ ಬೆಲೆ ಮುಂದಿನ ವಾರದ್ದು. ಈ ನಡುವೆ ನೂಲಿನ ಬೆಲೆ ಬಿದ್ದರೆ ದುಡಿದ ಕೈಗೆ ಸಾಲ ಸುತ್ತಿಕೊಳ್ಳುತ್ತದೆ. 1990ರ ದಶಕದ ಕೊನೆಯಿಂದ ಚೀನಾದ ಅಗ್ಗದ ಕಚ್ಚಾ ರೇಷ್ಮೆ ದೇಶದೊಳಗೆ ಹರಿದು ಬರತೊಡಗಿತು. ಅಣ್ಣ ಒಂದೊಂದೇ ಬೇಸಿನ್ ನಿಲ್ಲಿಸುತ್ತಾ ಬಂದ. 2002ರಲ್ಲಿ ಬಾಗಿಲು ಹಾಕಿದ. ಅತ್ತಿಗೆಯ ಬಳೆಗಳು ಅಷ್ಟರಲ್ಲಾಗಲೇ ಅಡವಿನಂಗಡಿ ಸೇರಿದ್ದವು.

ನಾನಾಗ ಇಪ್ಪತ್ತೆರಡರ ಹುಡುಗ. ಬೆಂಗಳೂರಿನಲ್ಲಿ ಸಣ್ಣದೊಂದು ನೌಕರಿ, ರೂಮಿನಲ್ಲಿ ಇಂಥ ಪುಸ್ತಕಗಳ ಓದು. ರಜೆಗೆ ಬಂದವನು ಈ ಪುಸ್ತಕವನ್ನು ಅಣ್ಣನ ಕೈಗಿಟ್ಟು, ಇಂಗ್ಲಿಷು ಅವನಿಗೆ ಕಷ್ಟವಾಗುತ್ತದೆಂದು ನಾನೇ ವಿವರಿಸಿ ಹೇಳಿದೆ. ಕೊನೆಗೆ ಅಂದೆ: “ಭಾಯಿ, ಸೋಲು ಇರುವುದು ಮನಸ್ಸಿನಲ್ಲಿ. ಮನಸ್ಸು ಬದಲಾಯಿಸಿಕೊಂಡರೆ ಎಲ್ಲವೂ ನಿನ್ನ ಕೈಯಲ್ಲಿದೆ.”

ಅಣ್ಣ ತನ್ನ ಕೈಗಳನ್ನು ನೋಡಿಕೊಂಡ. ವರ್ಷಗಟ್ಟಲೆ ಕುದಿನೀರಿನಲ್ಲಿ ಗೂಡು ಕೆದಕಿ ಬೆರಳ ತುದಿಗಳು ಬಿಳಿಚಿಕೊಂಡು ಒಡೆದಿದ್ದವು. “ಮನಸ್ಸಿನಲ್ಲಿದ್ದಿದ್ದರೆ ಒಳ್ಳೆಯದಿತ್ತು ಬಾಬಾ, ತೊಳೆದುಕೊಳ್ಳುತ್ತಿದ್ದೆ. ಅದು ಮಾರ್ಕೆಟ್ಟಿನ ಬೋರ್ಡಿನ ಮೇಲಿತ್ತು” ಎಂದು ಎದ್ದು ಹೋದ.

ಮರುವರ್ಷ, 2003ರಲ್ಲಿ, ಚೀನಾದ ಕಚ್ಚಾ ರೇಷ್ಮೆಯ ಮೇಲೆ ಕೇಂದ್ರ ಸರ್ಕಾರ ಆಂಟಿ-ಡಂಪಿಂಗ್ ಸುಂಕ ಹಾಕಿತು. ಪತ್ರಿಕೆಯಲ್ಲಿ ಆ ಸುದ್ದಿ ಓದಿದ ದಿನ ನನಗೆ ಅಣ್ಣನ ಮಾತು ಅರ್ಥವಾಯಿತು. ಒಂದು ಸರ್ಕಾರವೇ ಸುಂಕದ ಗೋಡೆ ಕಟ್ಟಬೇಕಾದ ಸಂಗತಿಯನ್ನು ನಾನು ಒಬ್ಬ ಮನುಷ್ಯನ ಮನಸ್ಸಿನ ದೋಷ ಎಂದಿದ್ದೆ.

ಹಾಗಾದರೆ ನಾನು ಹೇಳಿದ ಮಾತು ಸುಳ್ಳೇ? ಅಷ್ಟು ಸುಲಭವಾಗಿ ಹಾಗೆನ್ನಲಾರೆ. ಏಕೆಂದರೆ ಅದೇ ಮಾತು ಒಮ್ಮೆ ನನ್ನನ್ನು ಉಳಿಸಿತ್ತು. ಏಳನೆಯ ತರಗತಿಯವರೆಗೆ ಉರ್ದು ಶಾಲೆಯಲ್ಲಿ ಓದಿ ಎಂಟನೆಯದಕ್ಕೆ ಕನ್ನಡ ಶಾಲೆಗೆ ಸೇರಿದವನು ನಾನು. ಕನ್ನಡ ಬೀದಿಯಲ್ಲಿ ಬಾಯಿಗೆ ಬರುತ್ತಿತ್ತು, ಪುಸ್ತಕದಲ್ಲಿ ಕಣ್ಣಿಗೆ ಬರುತ್ತಿರಲಿಲ್ಲ. ಒತ್ತಕ್ಷರ ಕಂಡರೆ ಬೆವರುತ್ತಿದ್ದೆ. ಉರ್ದು ಶಾಲೆಯ ಮಾಸ್ಟರ್ ಸಾಬ್ ಸರ್ ಸೈಯದ್ ಅಹ್ಮದ್ ಖಾನರ ‘ಅಪ್ನಿ ಮದದ್ ಆಪ್’ ಎಂಬ ಪ್ರಬಂಧವನ್ನು ನಮಗೆ ಓದಿ ಹೇಳಿದ್ದರು. ತನಗೆ ತಾನೇ ನೆರವಾಗುವುದು ಎಂದು ಅದರ ಅರ್ಥ. ಆ ಮೂರು ಪದಗಳನ್ನು ನೋಟ್‌ಬುಕ್ಕಿನ ಮೇಲೆ ಬರೆದುಕೊಂಡು ದಿನಕ್ಕೊಂದು ಪುಟ ಕನ್ನಡ ನಕಲು ಮಾಡಲು ಕೂತೆ. ಇಂದು ಕನ್ನಡದಲ್ಲಿ ಕಥೆ ಬರೆಯುತ್ತಿದ್ದರೆ ಅದರಲ್ಲಿ ಆ ಪುಟಗಳ ಪಾಲಿದೆ.

ನನಗೆ ಊರುಗೋಲಾದ ಮಾತು ಅಣ್ಣನಿಗೆ ಏಟಾಗಿದ್ದು ಹೇಗೆ? ಇದು ನನ್ನೊಬ್ಬನ ಮನೆಯ ಪ್ರಶ್ನೆ ಮಾತ್ರವಲ್ಲ. ಇಂದು ಪುಸ್ತಕದಂಗಡಿಗಳಲ್ಲಿ ಕಥೆ ಕವಿತೆಗಳಿಗಿಂತ ಮುಂದಿನ ಸಾಲಿನಲ್ಲಿ ಯಶಸ್ಸಿನ ಪುಸ್ತಕಗಳಿವೆ. ಲಕ್ಷಾಂತರ ಯುವಕರು ಅವುಗಳಿಂದ ಧೈರ್ಯ ಪಡೆಯುತ್ತಾರೆ. ಅವನ್ನು ಗೇಲಿ ಮಾಡುವುದು ಸುಲಭ. ನಂಬಿ ತಲೆಯ ಮೇಲೆ ಹೊತ್ತುಕೊಳ್ಳುವುದೂ ಸುಲಭ. ಅವುಗಳಲ್ಲಿ ಬಾಳುವಂಥದ್ದು ಯಾವುದು ಎಂದು ತಿಳಿಯಬೇಕಾದರೆ ಅವು ಹುಟ್ಟಿದ ಜಾಗಕ್ಕೆ ಹೋಗಿ ನೋಡಬೇಕು.

ಇಂಗ್ಲೆಂಡಿನ ಲೀಡ್ಸ್ ಹೊಗೆ ತುಂಬಿದ ಗಿರಣಿಗಳ ಊರು. 1840ರ ದಶಕದಲ್ಲಿ ಅಲ್ಲಿ ಎರಡು ಮೂರು ಬಡ ಯುವಕರು ಚಳಿಗಾಲದ ಸಂಜೆಗಳಲ್ಲಿ ಒಂದೆಡೆ ಸೇರಿ ಒಬ್ಬರಿಗೊಬ್ಬರು ಪಾಠ ಹೇಳಿಕೊಳ್ಳತೊಡಗಿದರು. ಓದು ಬಂದವನು ಬಾರದವನಿಗೆ ಓದು, ಲೆಕ್ಕ ಬಂದವನು ಬಾರದವನಿಗೆ ಲೆಕ್ಕ. ಸಂಖ್ಯೆ ನೂರರ ಹತ್ತಿರ ಬಂದಾಗ ಅವರಿಗೊಂದು ಜಾಗ ಬೇಕಾಯಿತು. ಸಿಕ್ಕಿದ್ದು ಹಿಂದೆ ಕಾಲರಾ ರೋಗಿಗಳನ್ನು ತಾತ್ಕಾಲಿಕವಾಗಿ ಇಟ್ಟಿದ್ದ, ಭಯದಿಂದ ಯಾರೂ ಬಾಡಿಗೆಗೆ ಕೇಳದ ಒಂದು ಕೋಣೆ. ಈ ಹುಡುಗರು ತಮಗೆ ನಾಲ್ಕು ಮಾತು ಹೇಳಿ ಎಂದು ಸಾಮ್ಯುಯೆಲ್ ಸ್ಮೈಲ್ಸ್ ಎಂಬವನನ್ನು ಕರೆದರು. ಸ್ಕಾಟ್ಲೆಂಡಿನಲ್ಲಿ 1812ರಲ್ಲಿ ಹುಟ್ಟಿದ ಆತ ವೈದ್ಯಕೀಯ ಓದಿದವನು. ಲೀಡ್ಸಿಗೆ ಬಂದು, ಸಾಮಾನ್ಯರಿಗೂ ಮತದಾನದ ಹಕ್ಕು ಬೇಕೆಂದು ಬರೆಯುತ್ತಿದ್ದ ಪತ್ರಿಕೆಯೊಂದರ ಸಂಪಾದಕನಾಗಿದ್ದ. ಆ ಕೋಣೆಯ ಭಾಷಣಗಳೇ ಬೆಳೆದು 1859ರಲ್ಲಿ ‘ಸೆಲ್ಫ್-ಹೆಲ್ಪ್’ ಎಂಬ ಪುಸ್ತಕವಾಯಿತು. ಮೊದಲೊಬ್ಬ ಪ್ರಕಾಶಕರು ಬೇಡವೆಂದು ಹಿಂತಿರುಗಿಸಿದ್ದ ಹಸ್ತಪ್ರತಿ ಅದು. ಡಾರ್ವಿನ್‌ನ ಜೀವವಿಕಾಸದ ಪುಸ್ತಕ ಹೊರಬಂದ ವರ್ಷವೇ, ಅದೇ ಜಾನ್ ಮರ್ರೆ ಪ್ರಕಾಶನದಿಂದ ಅದು ಹೊರಬಂತು. ಮೊದಲ ವರ್ಷವೇ 20,000 ಪ್ರತಿಗಳು ಖರ್ಚಾದವು. 1904ರಲ್ಲಿ ಸ್ಮೈಲ್ಸ್ ತೀರಿಕೊಳ್ಳುವ ವೇಳೆಗೆ ಆ ಸಂಖ್ಯೆ ಎರಡೂವರೆ ಲಕ್ಷ ಮುಟ್ಟಿತ್ತು.

ಗಮನಿಸಬೇಕಾದ ಸಂಗತಿ ಇಲ್ಲಿದೆ. ‘ಸ್ವಸಹಾಯ’ ಎಂಬ ಹೆಸರಿನ ಈ ಪುಸ್ತಕದ ತೊಟ್ಟಿಲು ಒಬ್ಬ ಒಂಟಿ ಮನುಷ್ಯನ ಕೋಣೆಯಲ್ಲ. ಪರಸ್ಪರ ನೆರವಿಗಾಗಿ ನೂರು ಜನ ಕೂಡಿದ ಜಾಗ. ಅಲ್ಲಿ ‘ಎಲ್ಲವೂ ನಿನ್ನ ಕೈಯಲ್ಲಿದೆ’ ಎಂದರೆ, ಪಕ್ಕದ ಬೆಂಚಿನವನ ಕೈಯೂ ಜೊತೆಗಿದೆ ಎಂದೇ ಅರ್ಥವಾಗುತ್ತಿತ್ತು.

ಪುಸ್ತಕದೊಳಗೆ ಇರುವುದು ಕೈಕಸುಬಿನವರ ಕಥೆಗಳು. ಕ್ಷೌರಿಕನಾಗಿದ್ದ ಆರ್ಕ್‌ರೈಟ್ ನೂಲುವ ಯಂತ್ರಗಳ ಗಿರಣಿ ಕಟ್ಟಿದ್ದು, ಹದಿನಾರನೆಯ ಶತಮಾನದ ಫ್ರೆಂಚ್ ಕುಂಬಾರ ಪಾಲಿಸಿ ಬಿಳಿ ಮೆರುಗಿನ ರಹಸ್ಯ ಹುಡುಕುತ್ತಾ ಕಟ್ಟಿಗೆ ಮುಗಿದಾಗ ಮನೆಯ ಮೇಜು, ನೆಲದ ಹಲಗೆಗಳನ್ನೇ ಕುಲುಮೆಗೆ ಒಡ್ಡಿದ್ದು ಇಂಥವು. ಸಾಹುಕಾರನಾಗುವುದು ಹೇಗೆ ಎಂಬುದು ಅವನ ಮುಖ್ಯ ಪ್ರಶ್ನೆಯಲ್ಲ. ಹಣಕ್ಕೆ ಮೀಸಲಾದ ಅಧ್ಯಾಯದಲ್ಲೂ ಅವನು ಹಣವನ್ನು ಗುರಿಯಾಗಿಸಿಕೊಂಡವನಿಗೆ ಎಚ್ಚರಿಕೆ ಹೇಳುತ್ತಾನೆ. ಸಮಯ, ಸಹನೆ, ಕೆಲಸದ ಅಚ್ಚುಕಟ್ಟು, ಕೊಟ್ಟ ಮಾತು — ಇವೇ ಅವನ ಬಂಡವಾಳ. ಆಳಾಗಬಲ್ಲವನು ಅರಸಾಗಬಲ್ಲ ಎನ್ನುವ ನಮ್ಮ ಗಾದೆಯ ಮೊದಲರ್ಧದ ಮೇಲೆಯೇ ಅವನ ಕಣ್ಣು.

ಆದರೆ ರೇಷ್ಮೆ ಊರಿನ ನನಗೆ ತಡೆದು ನಿಲ್ಲಿಸಿದ್ದು ಆ ಪುಸ್ತಕದ ಜಕಾರ್ಡ್‌ನ ಕಥೆ. ಸೀರೆಯ ಸೆರಗಿನಲ್ಲಿ ಹೂ ಬಳ್ಳಿ ಮೂಡಿಸುವ, ತೂತು ಕೊರೆದ ರಟ್ಟಿನ ಪಟ್ಟಿಗಳ ಜಕಾರ್ಡ್ ನಮ್ಮ ನೇಕಾರರಿಗೆಲ್ಲ ಗೊತ್ತು. ಅದನ್ನು ರೂಪಿಸಿದವನು ಫ್ರಾನ್ಸಿನ ರೇಷ್ಮೆ ನಗರ ಲಿಯೋನ್‌ನ ನೇಕಾರನ ಮಗ, ಜೋಸೆಫ್ ಮಾರಿ ಜಕಾರ್ಡ್. ತಮ್ಮ ಅನ್ನ ಹೋಗುತ್ತದೆಂದು ಹೆದರಿದ ಜನ ಅವನ ಮೇಲೆ ತಿರುಗಿಬಿದ್ದದ್ದು, ಯಂತ್ರವನ್ನು ನಾಶಮಾಡಿದ್ದು, ಆತ ಎಲ್ಲವನ್ನೂ ಸಹಿಸಿ ಗೆದ್ದದ್ದು — ಇದನ್ನು ಸ್ಮೈಲ್ಸ್ ಮೆಚ್ಚಿ ಹೇಳುತ್ತಾನೆ. ಸರಿ. ಆದರೆ ಅದೇ ಲಿಯೋನ್‌ನಲ್ಲಿ 1831ರಲ್ಲಿ ರೇಷ್ಮೆ ನೇಕಾರರು ಬಟ್ಟೆಗೆ ಒಂದು ನಿಶ್ಚಿತ ಕೂಲಿದರ ಬೇಕೆಂದು ಬೀದಿಗಿಳಿದರು. ವ್ಯಾಪಾರಿಗಳು ದರ ಒಪ್ಪಲಿಲ್ಲ. ಸೈನ್ಯ ಬಂದು ಊರನ್ನು ಹತೋಟಿಗೆ ತೆಗೆದುಕೊಂಡಿತು. 1834ರಲ್ಲಿ ಮತ್ತೊಮ್ಮೆ ಎದ್ದರು, ಮತ್ತೊಮ್ಮೆ ರಕ್ತ ಹರಿಯಿತು. ಆ ನೇಕಾರರು ಸೋಮಾರಿಗಳಾಗಿದ್ದರೇ? ಅವರಲ್ಲಿ ಸಹನೆ, ಅಚ್ಚುಕಟ್ಟು ಇರಲಿಲ್ಲವೇ? ಬೋರ್ಡಿನ ಮೇಲಿನ ಬೆಲೆ ಅವರ ಕೈಯಲ್ಲಿರಲಿಲ್ಲ, ಅಷ್ಟೆ. ಸ್ಮೈಲ್ಸ್ ಬರೆದದ್ದು ಜಕಾರ್ಡ್‌ನ ಕಥೆ. ನನ್ನ ಅಣ್ಣ ಇರುವುದು ಅವನು ಬರೆಯದ ಕಥೆಯಲ್ಲಿ.

ಸ್ಮೈಲ್ಸ್‌ಗೂ ಒಂದು ಕಳವಳ ಉಳಿದಿತ್ತು. ಪುಸ್ತಕ ಕೋಣೆಯಿಂದ ಹೊರಬಿದ್ದು ಊರೆಲ್ಲ ಹರಡಿದ ಮೇಲೆ, ಇದು ಸ್ವಾರ್ಥದ ಹೊಗಳಿಕೆ ಎಂದು ಜನ ಭಾವಿಸತೊಡಗಿದರು. ಮುಂದಿನ ಆವೃತ್ತಿಯ ಮುನ್ನುಡಿಯಲ್ಲಿ ಆತ ಪುಸ್ತಕದ ಹೆಸರೇ ತಪ್ಪಾಯಿತೇನೋ ಎಂದು ವಿಷಾದಿಸಿ, ಬೇರೆಯವರಿಗೆ ನೆರವಾಗುವುದೂ ಇದರಲ್ಲಿ ಸೇರಿದೆ ಎಂದು ವಿವರಣೆ ಕೊಡಬೇಕಾಯಿತು. ಕೆಟ್ಟ ಕೆಲಸದಲ್ಲಿ ಗೆಲ್ಲುವುದಕ್ಕಿಂತ ಒಳ್ಳೆಯ ಕೆಲಸದಲ್ಲಿ ಸೋಲುವುದು ಮೇಲು ಎಂಬುದು ಅವನ ನಿಲುವಾಗಿತ್ತು. ಇಂದಿನ ಯಶಸ್ಸಿನ ಪುಸ್ತಕಗಳಲ್ಲಿ ಈ ಮಾತು ಎಷ್ಟು ಸಿಗುತ್ತದೆ, ಓದುಗರೇ ಹುಡುಕಿ ನೋಡಬಹುದು.

ಪುಸ್ತಕ ಪೂರ್ವಕ್ಕೂ ಬಂತು. ಜಪಾನಿನಲ್ಲಿ ನಾಕಾಮುರಾ ಮಸನಾವೊ 1871ರಲ್ಲಿ ಅನುವಾದಿಸಿದರು. ಹೊಸ ಕಾಲಕ್ಕೆ ಕಣ್ಣು ತೆರೆಯುತ್ತಿದ್ದ ಆ ದೇಶದಲ್ಲಿ ಅದು ಲಕ್ಷಗಟ್ಟಲೆ ಮಾರಿಹೋಯಿತು. 1880ರಲ್ಲಿ ಯಾಕೂಬ್ ಸರ್ರೂಫ್ ಬೈರೂತ್‌ನಲ್ಲಿ ಅರಬ್ಬಿಗೆ ತಂದರು. ಉರ್ದುವಿನಲ್ಲಿ ಅದರ ಉಸಿರು ಸಿಗುವುದು ನಮ್ಮ ಮಾಸ್ಟರ್ ಸಾಬ್ ಓದಿ ಹೇಳಿದ ಆ ಪ್ರಬಂಧದಲ್ಲೇ. ತಮಗೆ ತಾವೇ ನೆರವಾಗುವವರಿಗೆ ದೇವರ ನೆರವೂ ಒದಗುತ್ತದೆ ಎಂಬ ಯಾವ ಗಾದೆಯಿಂದ ಸ್ಮೈಲ್ಸ್ ಆರಂಭಿಸುತ್ತಾನೋ ಸರ್ ಸೈಯದರೂ ಅಲ್ಲಿಂದಲೇ ಆರಂಭಿಸುತ್ತಾರೆ.

ಆದರೆ ಸರ್ ಸೈಯದರು ಬರೆಯುತ್ತಿದ್ದದ್ದು 1857ರ ನಂತರ ಕುಸಿದು ಕೂತಿದ್ದ ಜನಕ್ಕೆ. ‘ಅಪ್ನಿ’ ಎಂಬ ಉರ್ದು ಪದ ‘ನನ್ನ’ ಎನ್ನುವುದಕ್ಕೂ ಹೊಂದುತ್ತದೆ, ‘ನಮ್ಮ’ ಎನ್ನುವುದಕ್ಕೂ ಹೊಂದುತ್ತದೆ. ಅವರು ಒತ್ತು ಕೊಟ್ಟಿದ್ದು ‘ನಮ್ಮ’ ಎಂಬುದಕ್ಕೆ. ಇನ್ನೂ ಸೊಗಸಾದ ಸಂಗತಿಯೆಂದರೆ, ತನಗೆ ತಾನೇ ನೆರವಾಗಬೇಕೆಂದು ಬರೆದ ಆ ಮನುಷ್ಯ ಅಲೀಗಢದಲ್ಲಿ 1875ರಲ್ಲಿ ಆರಂಭವಾದ ತನ್ನ ವಿದ್ಯಾಸಂಸ್ಥೆಗಾಗಿ ಜೋಳಿಗೆ ಹಿಡಿದು ಊರೂರು ಅಲೆದರು. ಮುಸ್ಲಿಮರ ಬಳಿಯೂ ಬೇಡಿದರು, ಹಿಂದೂಗಳ ಬಳಿಯೂ ಬೇಡಿದರು. ಅದರಲ್ಲಿ ಅವರಿಗೆ ವಿರೋಧಾಭಾಸ ಕಾಣಲಿಲ್ಲ. ಕೈ ಚಾಚುವುದೂ ಕೈಯಿಂದ ಮಾಡುವ ಕೆಲಸವೇ ಅಲ್ಲವೇ!

ಇಪ್ಪತ್ತನೆಯ ಶತಮಾನ ಬರುವ ಹೊತ್ತಿಗೆ ಈ ಸಾಹಿತ್ಯ ದಾರಿ ಬದಲಿಸಿತು. ಕೈಯಿಂದ ಮನಸ್ಸಿಗೆ ಹೋಯಿತು. ಇಂಗ್ಲೆಂಡಿನ ಜೇಮ್ಸ್ ಅಲೆನ್ 1903ರಲ್ಲಿ ‘ಆ್ಯಸ್ ಎ ಮ್ಯಾನ್ ಥಿಂಕೆತ್’ ಎಂಬ ಪುಟ್ಟ ಪುಸ್ತಕ ಬರೆದ. ಮನಸ್ಸೊಂದು ತೋಟ, ಬಿತ್ತಿದ ಯೋಚನೆಯೇ ಬದುಕಾಗಿ ಬೆಳೆಯುತ್ತದೆ ಎಂಬುದು ಅದರ ಸಾರ. ಅದರಲ್ಲಿ ಸೌಂದರ್ಯವಿದೆ. ತನ್ನ ಕೋಪವನ್ನು, ಅಸೂಯೆಯನ್ನು ಕಳೆಯಂತೆ ಕೀಳಬೇಕೆನ್ನುವ ಮನುಷ್ಯನಿಗೆ ಅದು ಒಳ್ಳೆಯ ಸಂಗಾತಿ. ಅಲೆನ್ ಹಣದ ಹಿಂದೆ ಹೋದವನಲ್ಲ. ಕಡಲತೀರದ ಊರಿನಲ್ಲಿ ಸರಳವಾಗಿ ಬದುಕಿ 1912ರಲ್ಲಿ ತೀರಿಕೊಂಡ. ಆದರೆ ಅವನು ಒಂದು ಹೆಜ್ಜೆ ಮುಂದೆ ಹೋಗಿ, ಮನುಷ್ಯನ ಪರಿಸ್ಥಿತಿ ಅವನ ಯೋಚನೆಯ ಕನ್ನಡಿ ಎನ್ನುತ್ತಾನೆ. ಅವನ ತಂದೆ ಕೆಲಸ ಹುಡುಕಿಕೊಂಡು ಅಮೆರಿಕಕ್ಕೆ ಹೋಗಿ ಅಲ್ಲೇ ಪ್ರಾಣ ಕಳೆದುಕೊಂಡರು, ದರೋಡೆಕೋರರ ಕೈಯಲ್ಲಿ ಸತ್ತರೆಂದೇ ಮನೆಯವರು ತಿಳಿದಿದ್ದರು. ಹದಿನೈದರ ಹುಡುಗ ಶಾಲೆ ಬಿಟ್ಟು ಕಾರ್ಖಾನೆ ಸೇರಬೇಕಾಯಿತು. ಆ ಸಾವು ತಂದೆಯ ಯೋಚನೆಯ ಫಲವೇ? ಮಗ ಹಾಗೆ ನಂಬಿದ್ದನೆಂದು ನನಗೆ ಅನ್ನಿಸುವುದಿಲ್ಲ. ಆದರೆ ಅವನ ಸಿದ್ಧಾಂತವನ್ನು ಕೊನೆಯವರೆಗೆ ಎಳೆದರೆ ಉತ್ತರ ಅಲ್ಲಿಗೇ ಹೋಗಿ ಮುಟ್ಟುತ್ತದೆ.

ನಂತರ ಬಂದವರಿಗೆ ಅಲೆನ್‌ನ ಸಂಕೋಚವೂ ಇರಲಿಲ್ಲ. 1910ರಲ್ಲಿ ವ್ಯಾಲೇಸ್ ವ್ಯಾಟಲ್ಸ್ ಶ್ರೀಮಂತನಾಗುವುದೇ ಒಂದು ವಿಜ್ಞಾನ ಎಂದ. ಒಂದು ಶತಮಾನದ ಬಳಿಕ, 2006ರಲ್ಲಿ, ಜಗತ್ತಿನಾದ್ಯಂತ ಮಾರಾಟವಾದ ‘ದಿ ಸೀಕ್ರೆಟ್’ಗೆ ಪ್ರೇರಣೆಯಾದದ್ದು ಅವನ ಪುಸ್ತಕವೇ. 1937ರಲ್ಲಿ ನೆಪೋಲಿಯನ್ ಹಿಲ್‌ನ ಪುಸ್ತಕ ಬಂತು. ಉಕ್ಕಿನ ದೊರೆ ಆಂಡ್ರೂ ಕಾರ್ನೆಗಿಯೇ ತನಗೆ ಈ ರಹಸ್ಯ ಒಪ್ಪಿಸಿದನೆಂದು ಹಿಲ್ ಹೇಳಿಕೊಂಡ. ಅದಕ್ಕೆ ಅವನ ಮಾತಲ್ಲದೆ ಬೇರೆ ಆಧಾರವಿಲ್ಲ. ಆ ಪುಸ್ತಕ ಬಂದ ಕಾಲವನ್ನು ನೆನೆಯಿರಿ. ಅಮೆರಿಕದಲ್ಲಿ 1933ರಲ್ಲಿ ದುಡಿಯುವ ನಾಲ್ವರಲ್ಲಿ ಒಬ್ಬನಿಗೆ ಕೆಲಸವಿರಲಿಲ್ಲ. ಬ್ಯಾಂಕುಗಳು ಮುಳುಗಿದ್ದವು. ಅಂಥ ದೇಶಕ್ಕೆ, ಬಯಕೆ ಬಲವಾಗಿದ್ದರೆ ಹಣ ಬರುತ್ತದೆ ಎಂದು ಹೇಳಲಾಯಿತು. ಭರವಸೆ ಬೇಕಾಗಿದ್ದ ಜನ ಅದನ್ನು ಕೊಂಡರು. ಅವರನ್ನು ದೂಷಿಸಲಾರೆ, ನಾನೂ ಕೊಂಡವನೇ.

ನಾನು ಮಾಡಿದ ತಪ್ಪಿನ ಹೆಸರು ನನಗೆ ಸಿಕ್ಕಿದ್ದು ಯಾವ ದೊಡ್ಡ ಗ್ರಂಥದಲ್ಲೂ ಅಲ್ಲ, ಶಾಲೆಯ ವ್ಯಾಕರಣದಲ್ಲಿ. ಕನ್ನಡದಲ್ಲಿ ನಾನು ಎಂಬುದು ಉತ್ತಮ ಪುರುಷ, ನೀನು ಎಂಬುದು ಮಧ್ಯಮ ಪುರುಷ, ಅವನು ಎಂಬುದು ಅನ್ಯ ಪುರುಷ ಎಂದು ಕಲಿಯುತ್ತೇವೆ. ಉರ್ದುವಿನಲ್ಲಿ ಮಾತನಾಡುವವನು ‘ಮುತಕಲ್ಲಿಮ್’, ಎದುರಿಗಿರುವವನು ‘ಹಾಜಿರ್’, ಅವನು ಎಂದು ಕರೆಯಿಸಿಕೊಳ್ಳುವವನು ‘ಗಾಯಬ್’. ಗಾಯಬ್ ಎಂದರೆ ಇಲ್ಲಿ ಇಲ್ಲದವನು. ಕನ್ನಡದವರೂ ಗಾಯಬ್ ಆದ ಎನ್ನುತ್ತಾರಲ್ಲ, ಅದೇ ಪದ. ಬೆನ್ನ ಹಿಂದೆ ಆಡುವ ಚಾಡಿಗೆ ಇರುವ ‘ಗೀಬತ್’ ಎಂಬ ಪದವೂ ಅದೇ ಬೇರಿನದು.

‘ಎಲ್ಲವೂ ನನ್ನ ಕೈಯಲ್ಲಿದೆ’ ಎಂದು ಮನುಷ್ಯ ತನಗೆ ತಾನು ಹೇಳಿಕೊಳ್ಳಲಿ. ಅದು ಪೂರ್ತಿ ನಿಜವಲ್ಲದಿದ್ದರೂ ಅವನನ್ನು ಏಳಿಸುತ್ತದೆ. ಕೈಲಾದಷ್ಟನ್ನು ಮಾಡದೆ ಬಿಟ್ಟವನಿಗೆ ಯಾವುದು ತನ್ನ ಕೈಮೀರಿದ್ದು ಎಂಬುದೇ ತಿಳಿಯುವುದಿಲ್ಲ. ಒಂಟೆಯನ್ನು ಕಟ್ಟಿ ಆಮೇಲೆ ದೇವರ ಮೇಲೆ ಭಾರ ಹಾಕು ಎಂಬ ತಿಳಿವಳಿಕೆಯ ಅರ್ಥವೂ ಇದೇ. ‘ಎಲ್ಲವೂ ನಿನ್ನ ಕೈಯಲ್ಲಿದೆ’ ಎಂದು ಇನ್ನೊಬ್ಬನಿಗೆ ಹೇಳುವುದಕ್ಕೆ ಮಾತ್ರ ಒಂದು ಷರತ್ತಿದೆ. ಹೇಳುವವನು ಅಲ್ಲಿ ಹಾಜರಿರಬೇಕು. ಅವನ ಹೊರೆಯ ಒಂದು ತುದಿಗೆ ತಾನೂ ಕೈ ಹಚ್ಚಿರಬೇಕು. ಲೀಡ್ಸಿನ ಆ ಕೋಣೆಯ ಹುಡುಗರಿಗೆ ಒಬ್ಬರಿಗೊಬ್ಬರು ಹೇಳುವ ಹಕ್ಕಿತ್ತು. ಜೋಳಿಗೆ ಹಿಡಿದ ಸರ್ ಸೈಯದರಿಗೆ ಹಕ್ಕಿತ್ತು. ಅಂದು ನನಗಿರಲಿಲ್ಲ. ನಾನು ಅಣ್ಣನ ಲೆಕ್ಕದ ಪುಸ್ತಕ ತೆರೆದು ನೋಡಿರಲಿಲ್ಲ, ಅತ್ತಿಗೆಯ ಬರಿಗೈ ಗಮನಿಸಿರಲಿಲ್ಲ. ಎದುರಿಗೆ ಕೂತಿದ್ದವನನ್ನು ನೀನು ಎನ್ನುತ್ತಲೇ ಗಾಯಬ್ ಮಾಡಿದ್ದೆ.

‘ಎಲ್ಲವೂ ಅವನ ಕೈಯಲ್ಲಿತ್ತು, ಅವನೇ ಹಾಳು ಮಾಡಿಕೊಂಡ’ — ಈ ಮೂರನೆಯ ಮಾತನ್ನು ಆಡುವ ಹಕ್ಕು ಯಾರಿಗೂ ಇಲ್ಲ. ಇದು ತೀರ್ಪು, ಅದೂ ಆರೋಪಿಯ ಗೈರುಹಾಜರಿಯಲ್ಲಿ ಕೊಟ್ಟ ತೀರ್ಪು. ಬಡವರ ಬಗ್ಗೆ, ದಲಿತರ ಬಗ್ಗೆ, ಮುಸ್ಲಿಮರ ಬಗ್ಗೆ ‘ಅವರು ಓದುವುದಿಲ್ಲ, ಅವರಿಗೆ ಮುಂದೆ ಬರುವ ಆಸೆಯೇ ಇಲ್ಲ’ ಎಂಬ ಮಾತನ್ನು ಬಸ್ಸಿನಲ್ಲಿ, ಆಫೀಸಿನಲ್ಲಿ ಕೇಳುತ್ತಲೇ ಇರುತ್ತೇವೆ. 2006ರ ಸಾಚಾರ್ ಸಮಿತಿಯ ವರದಿ ಶಾಲೆ, ಬ್ಯಾಂಕ್ ಸಾಲ, ನೌಕರಿಗಳ ಅಂಕಿಅಂಶಗಳನ್ನು ಮುಂದಿಟ್ಟ ಮೇಲೂ ಆ ಮಾತು ನಿಂತಿಲ್ಲ. ಹಾಗೆಂದು ನಮ್ಮೊಳಗಿನ ಇನ್ನೊಂದು ರೂಢಿಯನ್ನೂ ಮರೆಮಾಚಬಾರದು. ಎಲ್ಲಕ್ಕೂ ಸರ್ಕಾರ ಕಾರಣ, ನಸೀಬು ಕಾರಣ ಎಂದು ಕೈಚೆಲ್ಲಿ, ಮಗನನ್ನು ಹತ್ತನೆಯ ತರಗತಿಗೇ ಗ್ಯಾರೇಜಿಗೆ ಕಳಿಸುವವರು ನಮ್ಮಲ್ಲೂ ಇದ್ದಾರೆ. ಅವರಿಗೆ ಹೇಳಬೇಕಾದ ಮಾತು ಇದೆ. ಆದರೆ ಅದನ್ನು ವೇದಿಕೆಯ ಮೇಲಿಂದ ಹೇಳಿ ಫಲವಿಲ್ಲ. ಮಗನ ಫೀಸಿನ ಅರ್ಧವನ್ನಾದರೂ ಹಿಡಿದುಕೊಂಡು ಅವರ ಮನೆಯ ಹೊಸ್ತಿಲು ದಾಟಿ ಹೇಳಬೇಕು.

ಹಾಗಾಗಿ ಆ ಹಳೆಯ ಪುಸ್ತಕಗಳನ್ನು ಎಸೆಯಬೇಕಿಲ್ಲ. ಅವುಗಳ ಬೆಲೆ ಉಳಿದಿರುವುದು ಯಶಸ್ಸಿನ ಗ್ಯಾರಂಟಿಯಲ್ಲಿ ಅಲ್ಲ. ದಿನಕ್ಕೊಂದು ಪುಟ ಎನ್ನುವ ಸಣ್ಣ ಶಿಸ್ತಿನಲ್ಲಿ, ಸೋತರೂ ಕೆಟ್ಟ ದಾರಿ ಹಿಡಿಯದ ಹಟದಲ್ಲಿ, ನಾಲ್ಕು ಜನ ಕೂತು ಕಲಿಯುವ ಆ ಕೋಣೆಯ ನೆನಪಿನಲ್ಲಿ ಇದೆ. ಅವುಗಳನ್ನು ಕನ್ನಡಿಯ ಹಾಗೆ ತನ್ನ ಮುಖಕ್ಕೆ ಹಿಡಿದುಕೊಳ್ಳಬೇಕು. ಟಾರ್ಚಿನ ಹಾಗೆ ಬೇರೆಯವರ ಕಣ್ಣಿಗೆ ಬಿಡಬಾರದು.

ಅಣ್ಣನಿಗೆ ಇಷ್ಟೆಲ್ಲ ಹೇಳಲಿಲ್ಲ. “ಅವತ್ತು ನಾನು ಹಾಗೆ ಅನ್ನಬಾರದಿತ್ತು ಭಾಯಿ” ಎಂದಷ್ಟೇ ಹೇಳಿದೆ. ಅವನು ನಕ್ಕ. “ಆ ನೀರು ಯಾವತ್ತೋ ಹರಿದು ಹೋಯಿತು. ಈಗ ಪುಸ್ತಕದ ವಿಷಯ ಹೇಳು” ಎಂದ. ಘಟಕ ಮುಚ್ಚಿದ ಮೇಲೆ ಆಟೋ ಓಡಿಸಿ ಮೂರು ಮಕ್ಕಳನ್ನು ಓದಿಸುತ್ತಿರುವವನು ಅವನು. ಬೆಳಗಿನ ನಾಲ್ಕಕ್ಕೆ ಎದ್ದು ಮಗನನ್ನು ಎಬ್ಬಿಸಿ, ಚಹಾ ಕಾಯಿಸಿ ಕೊಟ್ಟು, ಅವನು ಓದುವಷ್ಟು ಹೊತ್ತು ಪಕ್ಕದಲ್ಲೇ ಕೂತಿರುತ್ತಾನೆ. ಎಲ್ಲವೂ ನಿನ್ನ ಕೈಯಲ್ಲಿದೆ ಬೇಟಾ ಎಂದು ಅವನು ಹೇಳಿದರೆ ಹುಡುಗ ನಂಬುತ್ತಾನೆ.

“ಪುಸ್ತಕ ಕೊಡು, ಓದಿಕೊಳ್ಳಲಿ. ಅದಕ್ಕೆ ಮೊದಲು ಅವನಿಗೆ ಹೋಗಿರುವ ಸಬ್ಜೆಕ್ಟ್ ಯಾವುದು ಹೇಳು” ಎಂದು ಕೇಳಿದೆ. ಕನ್ನಡ ಎಂದ. ಎರಡು ದಿನಕ್ಕೆಂದು ಹೋದವನು ಹತ್ತು ದಿನ ಉಳಿದೆ. ಬೆಳಗಿನ ನಾಲ್ಕಕ್ಕೆ ಈಗ ಮೂರು ಲೋಟ ಚಹಾ ಆಗುತ್ತಿತ್ತು.